ಸುಳ್ಳು ಹೇಳದ ಅಕ್ಕನೊಡನೆ ದಕ್ಷಿಣ ಸುಡಾನಿನಲ್ಲಿ

ಜೂಬಾ

ಸುಳ್ಳು ಹೇಳದವರೆಂದರೆ ನಮ್ಮ ಕಡೆ ಭಾರಿ ಗೌರವ. ಅಂಥವರ ಜೊತೆಗೆ ಒಮ್ಮೆ ದೇಶದ ಗಡಿ ದಾಟಿ ನೋಡಬೇಕು. ನನ್ನ ಗೌರವ ಜೂಬಾ ವಿಮಾನ ನಿಲ್ದಾಣದಲ್ಲಿ ಇಳಿದ ಸ್ವಲ್ಪ ಹೊತ್ತಿಗೇ ಕರಗಿತು.

ಜೂಬಾ ದಕ್ಷಿಣ ಸುಡಾನಿನ ರಾಜಧಾನಿ. ಸುಂಕದ ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ, "ತಿನ್ನುವ ಪದಾರ್ಥ ಏನಾದರೂ ತಂದಿದ್ದೀರಾ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಬಾಯಿ ಪ್ರಶ್ನೆ ಕೇಳುವಾಗಲೇ ಅವನ ಕೈ ಮುಂದಿನವರನ್ನು ಕರೆಯುತ್ತಿತ್ತು. ನನ್ನ ಮುಂದಿದ್ದವರೆಲ್ಲ ಇಲ್ಲ ಅಂದರು. ನಾನೂ ಇಲ್ಲ ಅಂದು ದಾಟಿದೆ. ನನ್ನ ಹಿಂದೆ ಇದ್ದ ಸುಜಾತಕ್ಕ, "ಇದೆ" ಅಂದರು.

ಅಧಿಕಾರಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಮತ್ತೊಮ್ಮೆ ಕೇಳಿದ. ಅಕ್ಕ ಚೀಲ ಬಿಚ್ಚಿ ಖಡಕ್ ರೊಟ್ಟಿಯ ಗಂಟನ್ನೂ ಶೇಂಗಾ ಹಿಂಡಿಯ ಡಬ್ಬಿಯನ್ನೂ ಮೇಜಿನ ಮೇಲೆ ಇಟ್ಟರು. "ಆ ಮನುಷ್ಯ ನಿಮ್ಮ ಜೊತೆಯವನೇ? ಅವನ ಹತ್ತಿರವೂ ಇದೆಯೇ?" ಎಂದು ಅವನು ನನ್ನ ಬೆನ್ನಿನ ಕಡೆಗೆ ಬೆರಳು ಮಾಡಿ ಕೇಳಿದ. ಎರಡಕ್ಕೂ ಅಕ್ಕ ಹೌದು ಅಂದರು.

ಎರಡು ತಾಸು ಹೋಯಿತು. ನಾಲ್ಕು ಜನ ಬಂದು ಹಿಂಡಿಯ ಆ ಕೆಂಪು ಚಟ್ನಿಪುಡಿಯನ್ನು ಮೂಸಿದರು. ಒಬ್ಬ ನಾಲಿಗೆಗೆ ಹಚ್ಚಿಕೊಂಡು ಕಣ್ಣೀರು ಒರೆಸಿಕೊಳ್ಳುತ್ತ ಹೋದ. ಕೊನೆಗೆ ಬಂದ ಹಿರಿಯ ಅಧಿಕಾರಿ ರೊಟ್ಟಿಯ ಒಂದು ಚೂರು ಮುರಿದು ಅಗಿದು, ಇದು ಯಾವ ಕಾಳು ಎಂದು ಕೇಳಿದ. ಜೋಳ ಎಂದು ತಿಳಿದ ಮೇಲೆ ಅವನ ಮುಖ ಸಡಿಲಾಯಿತು. ಅವನ ತಾಯಿ ದಿನವೂ ತಿರುವುವುದು ಜೋಳದ ಮುದ್ದೆಯೇ ಅಂತೆ. ರೊಟ್ಟಿ ವಾಪಸ್ಸು ಕೊಟ್ಟ. ಹಿಂಡಿ ಇಟ್ಟುಕೊಂಡ, ನನ್ನದನ್ನೂ ಸೇರಿಸಿ.

ಹೊರಗೆ ಬಂದ ಮೇಲೆ ನನ್ನ ಸಿಟ್ಟು ಹೊರಬಿತ್ತು. "ಅಕ್ಕ, ಇಲ್ಲ ಅಂದಿದ್ರ ಆಕಾಶ ಬೀಳ್ತಿತ್ತೇನ್ರಿ?"

"ಅವ ಕೇಳ್ದ, ನಾ ಹೇಳ್ದೆ."

"ಎಲ್ಲಾರೂ ಇಲ್ಲ ಅಂತಾರಲ್ರಿ."

"ಎಲ್ಲಾರ ಚೀಲದಾಗ ಹಿಂಡಿ ಇರಂಗಿಲ್ಲ, ತಮ್ಮಾ."

ನಾನು ವಾಡಿಯವನು. ಸೇಡಂನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಸುಜಾತಕ್ಕ ಚಿತ್ತಾಪುರ ಕಡೆಯ ಗುಂಡಗುರ್ತಿಯವರು. ವಯಸ್ಸು ಐವತ್ತರ ಹತ್ತಿರ. ನರ್ಸ್. ಯುದ್ಧ ನಡೆಯುವ, ನೆರೆ ಬರುವ, ರೋಗ ಹಬ್ಬುವ ದೇಶಗಳಿಗೆ ಹೋಗಿ ದುಡಿಯುವುದೇ ಅವರ ಹದಿನೈದು ವರ್ಷದ ನೌಕರಿ. ರಜೆಯ ಮೇಲೆ ಊರಿಗೆ ಬಂದವರು ನಮ್ಮ ಕಾಲೇಜಿನಲ್ಲಿ ಮಾತಾಡಲು ಬಂದಿದ್ದರು. ಅವರ ಸಂಸ್ಥೆಗೆ ಮೂರು ತಿಂಗಳ ಮಟ್ಟಿಗೆ ಔಷಧ ಗೋದಾಮು ನೋಡಿಕೊಳ್ಳುವವರು ಬೇಕಾಗಿದ್ದರು. ನಾನು ಕೈ ಎತ್ತಿದೆ. ಯಾಕೆ ಎತ್ತಿದೆನೋ ಇವತ್ತಿಗೂ ಗೊತ್ತಿಲ್ಲ. ನನ್ನ ಹೆಂಡತಿ ಮಹಾದೇವಿ ಮಾತ್ರ ತಡೆಯಲಿಲ್ಲ. "ಹೋಗಿ ಬರ್ರಿ. ಇಲ್ಲಿ ಟಿವಿ ಮುಂದ ಕುಂತು ಜಗತ್ತು ಸುಧಾರಿಸೂದಕ್ಕಿಂತ ಅಲ್ಲಿ ನಾಕು ಗುಳಿಗಿ ಹಂಚಿ ಬರ್ರಿ" ಅಂದಳು.

ಶಿಬಿರ

ಜೂಬಾದಿಂದ ಸಣ್ಣ ವಿಮಾನದಲ್ಲಿ ಹೋಗಿ, ಸಂಸ್ಥೆಯ ಚಿಕಿತ್ಸಾ ಶಿಬಿರದ ಹತ್ತಿರ ಇಳಿದ ಜಾಗವನ್ನು ನೋಡಿ, ಇಷ್ಟು ದೂರ ಬಂದದ್ದು ದಂಡ ಅನ್ನಿಸಿತು. ಅದೇ ಕರಿ ಎರೆ ನೆಲ, ಅದೇ ಬೇವಿನ ಮರ, ಅದೇ ಜೋಳದ ಹೊಲ. ಮುಧೋಳದ ಆಚೆ ಯಾವುದೋ ಹೊಲದಲ್ಲಿ ಇಳಿಸಿದಂತೆ. ಒಂದು ವ್ಯತ್ಯಾಸ: ಮಳಖೇಡದ ಸುತ್ತಿನ ಬೇವಿನ ಎಲೆಗೆ ಸಿಮೆಂಟಿನ ಬೂದಿ ಬಣ್ಣ ಇರುತ್ತದೆ, ಇಲ್ಲಿಯದಕ್ಕೆ ಬೇವಿನದೇ ಬಣ್ಣ.

ಮಾತೂ ಅರ್ಧ ನಮ್ಮದೇ. ಅಲ್ಲಿಯವರು ಆಡುವ ಅರಬ್ಬಿಯಲ್ಲಿ ದವಾ ಎಂದರೆ ಔಷಧ, ದುಕಾನ ಎಂದರೆ ಅಂಗಡಿ, ಸಾಬೂನ ಎಂದರೆ ಸಾಬೂನೇ. ನಮ್ಮ ಚಾಲಕ ಲಾಡೋಗೆ ನಾನು ಮೊದಲ ದಿನವೇ ಇಪ್ಪತ್ತು ಶಬ್ದ ಹೇಳಿದೆ. ಅವನು ಬೆರಗಾಗಿ, "ನಿಮ್ಮ ದೇಶದಲ್ಲಿ ಎಲ್ಲರೂ ಅರಬ್ಬಿ ಓದುತ್ತಾರೆಯೇ?" ಎಂದು ಕೇಳಿದ. ಇಲ್ಲ, ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಉರ್ದು ಮಾತು ಕೇಳುತ್ತ ಚಹಾ ಕುಡಿಯುತ್ತಾರೆ, ಅಷ್ಟೇ ಸಾಕು ಅಂದೆ.

ಲಾಡೋ ದಕ್ಷಿಣದ ಬೇರೆ ಸೀಮೆಯವನು. ಶಿಬಿರದ ಸುತ್ತ ಎರಡು ಕಡೆಯವರ ಜಗಳವಿತ್ತು, ನದಿಯಾಚೆಯವರು ಮತ್ತು ನದಿಯೀಚೆಯವರು. ಅವನು ಯಾವ ಕಡೆಗೂ ಸೇರಿದವನಲ್ಲ. ಅದಕ್ಕೇ ಗಾಡಿ ಅವನ ಕೈಯಲ್ಲಿತ್ತು.

ಅಕ್ಕನ ಡೇರೆ ನನ್ನದರ ಪಕ್ಕಕ್ಕೆ. ದಿನಾ ಬೆಳಿಗ್ಗೆ ಅವರು ಹಾಲಿಲ್ಲದ ಚಹಾದ ಮಗ್ಗನ್ನು ಮುಂದಿಟ್ಟುಕೊಂಡು ಪಾಲಿಯಲ್ಲಿ ಪಂಚಶೀಲ ಹೇಳಿಕೊಳ್ಳುತ್ತಿದ್ದರು. ಅವರದು ಬೌದ್ಧ ಮನೆತನ. ಅಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ದುಡಿದವರು. ಆತ ಮಕ್ಕಳಿಗೆ ಒಂದು ಕಥೆ ಹೇಳುತ್ತಿದ್ದರಂತೆ: ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಕುವಿನ ಹತ್ತಿರ ಯಾರೂ ಹೋಗದೆ ಇದ್ದಾಗ ಬುದ್ಧನೇ ನೀರು ತಂದು ಅವನನ್ನು ತೊಳೆದದ್ದು. ಉಳಿದ ಮಕ್ಕಳು ಕಥೆ ಕೇಳಿ ಮಲಗಿದರು. ಈಕೆ ನರ್ಸಿಂಗ್ ಓದಲು ಹೋದರು. ಮೊದಲ ನೌಕರಿ ಚಿಂಚೋಳಿ ಕಡೆ. ಆಮೇಲೆ ಎಲ್ಲೆಲ್ಲೋ.

"ಪೂಜಾ ಇಲ್ಲ, ಗುಡಿ ಇಲ್ಲ, ಇಷ್ಟು ದೂರ ಬಂದು ಹೆಂಗ ನಡಸ್ತೀರಿ ಅಕ್ಕ?" ಎಂದು ಒಮ್ಮೆ ಕೇಳಿದೆ.

"ಇದೇ ಅಲ್ಲೇನು ನಡಸೂದು," ಎಂದು ಬಕೀಟು ಎತ್ತಿಕೊಂಡು ವಾರ್ಡಿಗೆ ಹೋದರು.

ಐದು ಶೀಲಗಳಲ್ಲಿ ನಾಲ್ಕನೆಯದು ಸುಳ್ಳಾಡಬಾರದು ಎಂಬುದು. ಅದೊಂದನ್ನು ಅವರು ಹಿಡಿದುಕೊಂಡ ರೀತಿ ನನ್ನ ತಲೆ ತಿನ್ನುತ್ತಿತ್ತು. ಸೂಜಿ ಚುಚ್ಚುವ ಮುಂಚೆ ನಮ್ಮಲ್ಲಿ ಎಲ್ಲರೂ ಇರುವೆ ಕಚ್ಚಿದಂತೆ ಅನ್ನುತ್ತಾರೆ. ಅಕ್ಕ "ನೋಯುತ್ತದೆ" ಅನ್ನುತ್ತಿದ್ದರು. ನಮ್ಮ ಊರಲ್ಲಿ ಡಾಕ್ಟರು "ಏನೂ ಆಗಂಗಿಲ್ಲ, ಹೋಗ್ರಿ" ಅಂದರೆ ಅರ್ಧ ರೋಗ ಬಾಗಿಲಲ್ಲೇ ಇಳಿಯುತ್ತದೆ. ಇಲ್ಲಿ ಒಬ್ಬ ತಾಯಿ, ಮಗು ಉಳಿಯುತ್ತದೆಯೇ ಎಂದು ಅಕ್ಕನ ಸೆರಗು ಹಿಡಿದು ಕೇಳಿದರೆ, ಅಕ್ಕ ಅವಳ ಪಕ್ಕಕ್ಕೆ ಕುಳಿತು "ಗೊತ್ತಿಲ್ಲ" ಅನ್ನುತ್ತಿದ್ದರು. ಲಾಡೋಗೆ ಅದನ್ನು ಅನುವಾದಿಸಲು ನಾಚಿಕೆ. ಅವನೂ ನಾನೂ ಒಂದೇ ಜಾತಿ. ಎದುರಿನವರ ಮುಖ ನೋಡಿ ಮಾತು ಹೊಂದಿಸುವವರು. ಆದರೂ ಜನ ಅಕ್ಕನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅದು ನನಗೆ ಇನ್ನೂ ಕಿರಿಕಿರಿ.

ಎರೆ ನೆಲ

ಒಂದು ಬೆಳಿಗ್ಗೆ ನದಿಯಾಚೆಯ ಒಬ್ಬ ಹೆಂಗಸನ್ನು ಹೊತ್ತು ತಂದರು. ಹೆಸರು ನ್ಯಾಕಿಮ್. ಹೆರಿಗೆಯ ನೋವು ಶುರುವಾಗಿ ಒಂದು ದಿನ ದಾಟಿತ್ತು. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿ ಒಂದು ಕೈ ಮಾತ್ರ ಹೊರಗೆ ಬಂದಿತ್ತು. ಇಂಥದಕ್ಕೆ ಆಪರೇಷನ್ ಒಂದೇ ದಾರಿ. ಅದನ್ನು ಮಾಡುವ ಡಾಕ್ಟರು ಇದ್ದದ್ದು ಪಟ್ಟಣದ ಆಸ್ಪತ್ರೆಯಲ್ಲಿ, ಮಳೆಗಾಲದ ದಾರಿಯಲ್ಲಿ ನಾಲ್ಕೈದು ತಾಸಿನ ದೂರ.

ಅಕ್ಕನ ಹತ್ತಿರ ಕಟ್ಟಿಗೆಯ ಒಂದು ಪುಟ್ಟ ತುತ್ತೂರಿ ಇತ್ತು. ಅಗಲ ಬಾಯನ್ನು ಬಸುರಿಯ ಹೊಟ್ಟೆಗೆ ಇಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿದರೆ ಮಗುವಿನ ಎದೆಬಡಿತ ಕೇಳುತ್ತದೆ. ಅಕ್ಕ ಕೇಳಿದರು. ತಲೆ ಎತ್ತಿ, "ಅದ" ಅಂದರು. "ಗಾಡಿ ಹಚ್ಚು ಲಾಡೋ. ತಮ್ಮಾ, ನೀನೂ ಬಾ. ಸಲೈನ್ ಹಿಡಿಲಾಕ ಯಾರರೆ ಬೇಕು."

ಎರೆ ಮಣ್ಣು ಮಳೆಗೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಚಪ್ಪಲಿ ಕಾಲಿನಿಂದ ಕೀಳುತ್ತದೆ. ಆದರೆ ನಮ್ಮಲ್ಲಿ ಡಾಂಬರು ಎಂಬುದು ಒಂದಿದೆ. ಇಲ್ಲಿ ದಾರಿಯೇ ಎರೆ. ಎರಡು ತಾಸು ನಡೆದ ಮೇಲೆ ಗಾಡಿ ಗಾಲಿಯ ಮಟ್ಟಕ್ಕೆ ಹೂತಿತು. ನಾನೂ ಲಾಡೋನೂ ಸಲಿಕೆಯಿಂದ ತೋಡಿದೆವು, ಜೋಳದ ದಂಟು ಕಿತ್ತು ಗಾಲಿಯ ಕೆಳಗೆ ತುರುಕಿದೆವು. ಜೊತೆಗೆ ಬಂದಿದ್ದ ನ್ಯಾಕಿಮಳ ಅತ್ತೆ ಕೆಳಗಿಳಿದು ಚಿಲುಮೆ ಹಚ್ಚಿಕೊಂಡು, ನಾನು ಸಲಿಕೆ ಹಿಡಿದ ರೀತಿಯನ್ನು ನೋಡಿ ಏನೋ ಅಂದಳು.

"ಏನಂತಾಳೆ?" ಅಂದೆ.

"ನಿನ್ನ ತಾಯಿ ನಿನಗೆ ಹೊಲದ ಕೆಲಸ ಕಲಿಸಲಿಲ್ಲವೇ ಎಂದು ಕೇಳುತ್ತಾಳೆ," ಅಂದ ಲಾಡೋ.

"ನಾನು ಕಾಲೇಜಿನಲ್ಲಿ ಓದಿದವನು ಎಂದು ಹೇಳು."

ಅವನು ಹೇಳಿದ. ಮುದುಕಿ ಹೊಗೆ ಬಿಟ್ಟು ಮತ್ತೇನೋ ಅಂದಳು. ಅದನ್ನು ಲಾಡೋ ನನಗೆ ತಿಳಿಸಲಿಲ್ಲ.

ಗಾಡಿ ಮೇಲೆದ್ದಾಗ ಅಕ್ಕ ಮತ್ತೆ ತುತ್ತೂರಿ ಇಟ್ಟು ಕೇಳಿದರು. "ಅದ. ಖರೆ ಸೋಲ್ಲಿಕತ್ತದ. ಜಲ್ದಿ ನಡೀರಿ."

ಹಗ್ಗ

ಪಟ್ಟಣ ಇನ್ನು ಒಂದೇ ತಾಸಿನ ದಾರಿ ಇದ್ದಾಗ ಹಗ್ಗ ಎದುರಾಯಿತು. ಗಣಪತಿ ಹಬ್ಬದ ಚಂದಾ ಕೇಳಲು ನಮ್ಮ ಓಣಿಗಳಲ್ಲಿ ಅಡ್ಡ ಕಟ್ಟುತ್ತಾರಲ್ಲ, ಅಂಥದೇ ಹಗ್ಗ, ಅದಕ್ಕೆ ಕಟ್ಟಿದ ಬಣ್ಣದ ಪ್ಲಾಸ್ಟಿಕ್ ಚೂರುಗಳು. ಹಗ್ಗದ ಆಚೆ ಏಳೆಂಟು ಜನ ಬಂದೂಕಿನವರು. ಇವರು ನದಿಯೀಚೆಯವರು. ಹಿಂದಿನ ವಾರವಷ್ಟೇ ಎರಡೂ ಕಡೆಗೆ ಹೆಣ ಬಿದ್ದಿದ್ದವು. ನಮ್ಮ ಗಾಡಿಯಲ್ಲಿ ಇದ್ದವಳ ಹಣೆಯ ಮೇಲೆ ಕೊರೆದ ಕುಲದ ಗುರುತು ನೋಡಿದರೆ ಸಾಕು, ಅವಳು ಯಾರ ಕಡೆಯವಳೆಂದು ಅವರಿಗೆ ತಿಳಿಯುತ್ತಿತ್ತು.

ಇಂಥ ಜಾಗದಲ್ಲಿ ಏನು ಹೇಳಬೇಕೆಂದು ಸಂಸ್ಥೆಯವರು ನಮಗೆ ಬಾಯಿಪಾಠ ಮಾಡಿಸಿದ್ದರು. ರೋಗಿ ಇದ್ದಾರೆ, ಆಸ್ಪತ್ರೆಗೆ ಹೊರಟಿದ್ದೇವೆ. ಅಷ್ಟೇ. ಹೆಚ್ಚು ಹೇಳಬೇಡಿ, ಸುಳ್ಳು ಹೇಳಬೇಡಿ.

ಅವರ ಮುಖ್ಯಸ್ಥನನ್ನು ಎಲ್ಲರೂ ಮೇಜರ್ ಅನ್ನುತ್ತಿದ್ದರು. ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ಕಣ್ಣಿಗೆ ಓದುವ ಕನ್ನಡಕ. ಕೆನ್ಯಾದ ನಿರಾಶ್ರಿತರ ಶಾಲೆಯಲ್ಲಿ ಕಲಿತ ಚೊಕ್ಕ ಇಂಗ್ಲಿಷು. ಸಲೈನ್ ಬಾಟಲಿಯನ್ನು ಮುದುಕಿಯ ಕೈಗೆ ಕೊಟ್ಟು ಮುಂದೆ ಕುಳಿತಿದ್ದ ನನ್ನ ಕಿಟಕಿಗೆ ಬಂದು, "ಒಳಗೆ ಯಾರು?" ಅಂದ.

ನಾನು "ಕಾಲರಾ" ಅಂದೆ.

ಯಾಕೆ ಹಾಗಂದೆ ಎಂದು ಸಾವಿರ ಸಲ ಕೇಳಿಕೊಂಡಿದ್ದೇನೆ. ನಮ್ಮ ಊರಲ್ಲಿ ಮನೆಯೊಳಗೆ ಯಾರಿಗಾದರೂ ಅಮ್ಮ ಬಂದರೆ, ಮೈಮೇಲೆ ಗುಳ್ಳೆ ಎದ್ದರೆ, ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಾರೆ. ಅದನ್ನು ನೋಡಿದ ಪರಸ್ಥಳದವರು ಹೊಸ್ತಿಲು ದಾಟುವುದಿಲ್ಲ. ಬೇಡಲು ಬಂದವನೂ ಬೈಯಲು ಬಂದವನೂ ಅಲ್ಲಿಂದಲೇ ತಿರುಗುತ್ತಾನೆ. ನನ್ನ ಚಿಕ್ಕಂದಿನಲ್ಲಿ ನಮ್ಮಪ್ಪ, ಹುಡುಕಿಕೊಂಡು ಬರುವ ಬೀಗರೊಬ್ಬರನ್ನು ತಪ್ಪಿಸಲು ಯಾರಿಗೂ ಏನೂ ಆಗದೆ ತಪ್ಪಲು ಕಟ್ಟಿದ್ದೂ ಉಂಟು. ರೋಗದ ಹೆಸರು ಹೇಳಿದರೆ ಜನ ದೂರ ಸರಿಯುತ್ತಾರೆ, ಗಾಡಿಯೊಳಗೆ ಇಣುಕುವುದಿಲ್ಲ, ದಾರಿ ಬಿಡುತ್ತಾರೆ. ಇಷ್ಟೇ ನನ್ನ ಬುದ್ಧಿ.

ಸರಿದರು ಕೂಡ. ಒಬ್ಬ ಅಂಗಿಯ ತುದಿಯಿಂದ ಮೂಗು ಮುಚ್ಚಿಕೊಂಡ. ಒಂದು ಉಸಿರಿನ ಹೊತ್ತು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಆಮೇಲೆ ಮೇಜರ್ ದೂರದಿಂದಲೇ, "ಹಾಗಾದರೆ ಹಿಂದಕ್ಕೆ ಹೋಗಿ" ಅಂದ. ಹಿಂದಿನ ಮಳೆಗಾಲದಲ್ಲಿ ಪಟ್ಟಣದಲ್ಲಿ ಕಾಲರಾ ಬಂದು ಬಹಳ ಜನ ಸತ್ತಿದ್ದರು. ಈ ದಾರಿಯಿಂದ ಒಂದು ಕಾಲರಾ ರೋಗಿಯನ್ನೂ ಒಳಗೆ ಬಿಡಬಾರದೆಂದು ಅವನಿಗೆ ಹುಕುಂ ಇತ್ತು. ಬೇವಿನ ತಪ್ಪಲು ಬಾಗಿಲಿಗೆ ಕಟ್ಟುವಂಥದು. ನಾನು ಅದನ್ನು ದಾರಿಯಲ್ಲಿ ನಡೆಯುವ ಗಾಡಿಗೆ ಕಟ್ಟಿದ್ದೆ.

ಅಲ್ಲಿಂದ ಸುಳ್ಳಿಗೆ ತೇಪೆ ಹಚ್ಚುತ್ತ ಹೋದೆ. ಕಾಲರಾ ಇರಲಿಕ್ಕಿಲ್ಲ, ಬರೀ ಭೇದಿ ಇರಬಹುದು ಅಂದೆ. ಪರೀಕ್ಷೆ ಮಾಡಿಲ್ಲ ಅಂದೆ. ಹಾಗಾದರೆ ಪಟ್ಟಣವನ್ನು ವಯರ್‌ಲೆಸ್ಸಿನಲ್ಲಿ ಕೇಳುತ್ತೇನೆ, ನಿಲ್ಲಿ ಅಂದ. ವಯರ್‌ಲೆಸ್ಸಿಗೆ ಬ್ಯಾಟರಿ ಹುಡುಕಿದರು. ಆ ಕಡೆ ಯಾರೂ ಎತ್ತಲಿಲ್ಲ. ಮತ್ತೆ ಕರೆದರು. ಲಾಡೋ ಸ್ಟಿಯರಿಂಗ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ.

ಹಿಂದಿನಿಂದ ಅಕ್ಕ ಕೂಗಿದರು. ಎರಡೂ ಕೈ ಬಿಡುವಿಲ್ಲದೆ ನ್ಯಾಕಿಮಳ ಹತ್ತಿರ ಇದ್ದವು. ಮುಂದೆ ನಡೆದದ್ದು ಅವರಿಗೆ ಕೇಳಿಸಿರಲಿಲ್ಲ. "ತಮ್ಮಾ, ಏನ್ ನಡದದ ಅಲ್ಲಿ?"

"ಏನಿಲ್ಲಕ್ಕ, ಕಾಗದ ನೋಡ್ಲಿಕತ್ತಾರ."

ಹೀಗೆ ಒಂದು ತಾಸು ಹೋಯಿತು. ಕೊನೆಗೆ ವಯರ್‌ಲೆಸ್ಸಿನ ಉತ್ತರ ಬಂತು: ತಿರುಗಿಸಿ ಕಳಿಸಿ. ಬಂದೂಕಿನವನೊಬ್ಬ ಲಾಡೋನ ಕಡೆ ಕೈ ಬೀಸಿದ. ಗಾಡಿ ಹಿಂದಕ್ಕೆ ಸರಿಯುತ್ತಿದ್ದಂತೆ ಹಿಂದಿನ ಬಾಗಿಲು ತೆರೆದು ಅಕ್ಕ ಕೆಳಗಿಳಿದರು.

"ಎದಕ್ಕ ಹೊಳ್ಳಸ್ಲಿಕತ್ತಾನ?"

ನಾನು ಮುಂದಿನ ಬಾಗಿಲು ತೆರೆದು ಇಳಿದೆ.

"ನೀ ಏನಂದಿ ಅವರಿಗಿ?"

"ಕಾಲರಾ ಅಂದೆ."

"ಯಾರಿಗಿ ಕಾಲರಾ?"

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಣಕೈತನಕ ರಕ್ತವಾಗಿದ್ದ ಕೈಗವಸಿನಲ್ಲೇ ಮೇಜರನ ಎದುರಿಗೆ ಹೋಗಿ ನಿಂತರು. "ಈತ ಸುಳ್ಳು ಹೇಳಿದ. ಕಾಲರಾ ಇಲ್ಲ. ಹೆರಿಗೆ. ಮಗುವಿನ ಕೈ ಹೊರಗೆ ಬಂದಿದೆ. ಬಿಡದಿದ್ದರೆ ಇಬ್ಬರೂ ಸಾಯುತ್ತಾರೆ."

"ಯಾರ ಕಡೆಯವಳು?"

ಇದಕ್ಕೆ ಉತ್ತರ ಹೇಳಬೇಕಾಗಿರಲಿಲ್ಲ. ರೋಗಿ ಅಂದರೆ ಸಾಕಿತ್ತು. ನಾನು ಮನಸ್ಸಿನಲ್ಲೇ ಎಲ್ಲ ದೇವರಿಗೂ, ಅಕ್ಕನ ಬುದ್ಧನಿಗೂ ಕೈ ಮುಗಿದೆ.

"ನದಿಯಾಚೆಯವಳು," ಅಂದರು ಅಕ್ಕ.

ಬಂದೂಕುಗಳನ್ನು ಸಜ್ಜು ಮಾಡಿದ ಸದ್ದು ಕೇಳಿಸಿತು. ಮೇಜರ್ ನನ್ನ ಕಡೆ ನೋಡಿ, "ಇವನು ಯಾಕೆ ಸುಳ್ಳು ಹೇಳಿದ?" ಅಂದ.

"ಹೆದರಿದ್ದಾನೆ."

"ನಿನಗೆ ಹೆದರಿಕೆ ಇಲ್ಲವೇ?"

"ಇದೆ."

ಮೇಜರ್ ತಾನೇ ಗಾಡಿಯ ಹಿಂದಕ್ಕೆ ಹೋಗಿ ಒಳಗೆ ನೋಡಿದ. ಆ ಪುಟ್ಟ ಕೈ ನೋಡಿದನೆಂದು ಕಾಣುತ್ತದೆ. ಬಂದು ಹಗ್ಗ ಇಳಿಸಲು ಹೇಳಿದ. "ನೀವು ಹೋಗಿ. ಸುಳ್ಳು ಹೇಳಿದವನು ಇಲ್ಲಿರಲಿ. ನೀನೇ ತಿರುಗಿ ಬಂದು ಏನಾಯಿತೆಂದು ಹೇಳು. ನೀನು ಹೇಳಿದರೆ ನಂಬುತ್ತೇನೆ."

ಅಕ್ಕ ನನ್ನ ಕಡೆ ತಿರುಗಿದರು. "ಕುಂದ್ರು ತಮ್ಮಾ. ಹೊತ್ತು ಮುಳುಗೂದರೊಳಗ ಬರ್ತೀನಿ." ರೈಲು ನಿಲ್ದಾಣದಲ್ಲಿ ಚೀಲ ನೋಡಿಕೊಂಡಿರು ಎನ್ನುವ ದನಿ.

"ಅಕ್ಕ, ನನ್ನ ಬಿಟ್ಟು ಹೋಗ್ತೀರೇನ್ರಿ?"

"ಮತ್ತ? ಆಕಿನ್ನ ಬಿಟ್ಟು ನಿನ್ನ ಕರ್ಕೊಂಡು ಹೋಗ್ಲೇನು?"

ಗಾಡಿ ಹೊರಟಿತು. ಹಿಂದಿನ ಗಾಜಿನಲ್ಲಿ ಅಕ್ಕ ಬಗ್ಗಿ ತುತ್ತೂರಿಗೆ ಕಿವಿ ಹಚ್ಚಿದ್ದು ಕಂಡಿತು. ಬಹಳ ಹೊತ್ತು ಹಾಗೇ ಇದ್ದರು. ತಲೆ ಎತ್ತಿದರು. ಅಷ್ಟರಲ್ಲಿ ಗಾಲಿಯಿಂದ ಸಿಡಿದ ಕೆಸರು ಗಾಜನ್ನು ಮುಚ್ಚಿತು.

ಬೇವಿನ ಮರ

ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿ ಬೂಟು ಬಿಚ್ಚಿಸಿಕೊಂಡರು. ಓಡಬಾರದೆಂದು. ಎರೆ ಕೆಸರಿನಲ್ಲಿ ನಾನು ಓಡುವುದನ್ನು ಆ ಮುದುಕಿ ನೋಡಿದ್ದರೆ ಅವರಿಗೆ ಧೈರ್ಯ ಹೇಳುತ್ತಿದ್ದಳು. ಮೇಜರ್ ಚಹಾ ಕೊಡಿಸಿದ. ಚಹಾ ಎಂದರೆ ಸಕ್ಕರೆ ಪಾಕ. ನಮ್ಮ ಬೀಗರ ಮನೆಯಲ್ಲಿ ಮರ್ಯಾದೆಗೆ ಸುರಿಯುವಷ್ಟು ಸಕ್ಕರೆ. ಸೆರೆ ಹಿಡಿದವನಿಗೆ ಯಾಕೆ ಮರ್ಯಾದೆಯೋ.

ಬಂದೂಕಿನವರ ನಡುವೆ ಒಂದು ವಾದ ನಡೆದಿತ್ತು. ಕೈಸನ್ನೆಯಿಂದ ತಿಳಿಯಿತು: ಗಂಡು ಹುಟ್ಟುತ್ತದೋ, ಹೆಣ್ಣೋ. ಹಗೆಯವರ ಮಗುವಿನ ಬಗ್ಗೆ ಮಧ್ಯಾಹ್ನವೆಲ್ಲ ವಾದ. ನನ್ನನ್ನೂ ಕೇಳಿದರು. ನಾನು ಹೆದರಿ ಎರಡಕ್ಕೂ ತಲೆ ಆಡಿಸಿದೆ. ನಕ್ಕರು.

ಆಮೇಲೆ ಒಬ್ಬ ಬಂದ. ಬಾಯಿ ತುಂಬ ಜೋಳದ ಹೆಂಡದ ವಾಸನೆ. ಉಳಿದವರಿಂದ ಸಂಗತಿ ತಿಳಿದುಕೊಂಡು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. ಬಂದೂಕಿನ ನಳಿಗೆಯನ್ನು ನನ್ನ ಮೊಣಕಾಲ ಮೇಲಿಟ್ಟು ಏನೋ ಕೇಳಿದ. ಗೊತ್ತಿಲ್ಲ ಅಂದೆ, ಅರಬ್ಬಿಯಲ್ಲಿ. ಅದೇ ಪ್ರಶ್ನೆ ಮತ್ತೆ ಕೇಳಿದ. ನಳಿಗೆ ಎದೆಗೆ ಬಂತು. ಮತ್ತೆ ಅದೇ ಪ್ರಶ್ನೆ. ಗದ್ದದ ಕೆಳಗೆ ಬಂತು. ಬಿಸಿಲಿಗೆ ಕಾದ ಕಬ್ಬಿಣ, ಎಣ್ಣೆಯ ವಾಸನೆ. ಅವನ ಹೆಬ್ಬೆರಳಿಗೆ ಹೊಸ ಬ್ಯಾಂಡೇಜು ಇತ್ತು, ಅಂಚಿಗೆ ನೀಲಿ ದಾರ ಹಾಕಿದ್ದು. ಅಂಥದು ಆ ಸೀಮೆಯಲ್ಲೆಲ್ಲ ಇದ್ದದ್ದು ನನ್ನ ಗೋದಾಮಿನಲ್ಲಿ ಮಾತ್ರ. ಯಾವುದೋ 'ಗಾಯ, ಸಣ್ಣದು' ಎಂಬ ಚೀಟಿಗೆ ನಾನೇ ಕೊಟ್ಟು ಕಳಿಸಿದ್ದು. ಈಗಲೂ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಆ ನೀಲಿ ದಾರ ಕಾಣುತ್ತದೆ, ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಲ್ಲುತ್ತದೆ.

ಮೇಜರ್ ವಯರ್‌ಲೆಸ್ಸಿನಿಂದ ತಲೆ ಎತ್ತದೆ ಒಂದು ಮಾತು ಅಂದ. ನಳಿಗೆ ಕೆಳಗಿಳಿಯಿತು. ಆ ಮನುಷ್ಯ ಅಲ್ಲೇ ಮರದ ಬೇರಿಗೆ ತಲೆ ಕೊಟ್ಟು ಮಲಗಿದ.

"ಅವನಿಗೆ ಏನು ಹೇಳಿದಿರಿ?" ಎಂದು ಕೇಳಿದೆ.

"ಹೊತ್ತು ಮುಳುಗುವವರೆಗೆ ನೀನು ನನ್ನ ಅತಿಥಿ ಎಂದೆ," ಅಂದ.

ಮುಳುಗಿದ ಮೇಲೆ ಎಂದು ನಾನು ಕೇಳಲಿಲ್ಲ. ಕುಳಿತು ಅಕ್ಕನನ್ನು ಬೈದೆ. ಗುಂಡಗುರ್ತಿಯಿಂದ ಜೂಬಾದವರೆಗಿನ ಎಲ್ಲ ಬೈಗುಳಗಳನ್ನೂ ಬಳಸಿದೆ. ಹೇಳಿದ ಹೊತ್ತಿಗೆ ಬಂದೇ ಬರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎರೆ ಮಣ್ಣು ಯಾವ ಶೀಲವನ್ನೂ ತೆಗೆದುಕೊಂಡಿಲ್ಲವಲ್ಲ.

ಬಿಸಿಲು ಇಳಿಮುಖವಾದಾಗ ಗಾಡಿ ಬಂತು. ಅಕ್ಕನ ಸೊಂಟದವರೆಗೆ ಕೆಸರು. ದಾರಿಯಲ್ಲಿ ಮತ್ತೆ ಹೂತಿತ್ತಂತೆ. ಬಂದೂಕಿನವರೆಲ್ಲ ಎದ್ದು ಬಂದರು. ನಾನು ಅಕ್ಕನ ಮುಖ ನೋಡಿದೆ. ತಿಳಿಯಿತು. ಕಣ್ಣಲ್ಲೇ ಬೇಡಿಕೊಂಡೆ: ಈಗೊಂದು ಸಲ. ಗಂಡು, ಚೆನ್ನಾಗಿದೆ. ಅಷ್ಟು ಹೇಳಿದರೆ ಇವರು ಕುಣಿದು ಬಿಟ್ಟುಬಿಡುತ್ತಾರೆ.

"ತಾಯಿ ಉಳಿದಳು," ಅಂದರು ಅಕ್ಕ. "ಮಗು ಸತ್ತಿದೆ."

ಲಾಡೋ ಹೇಳಬೇಕಾಗಲಿಲ್ಲ, ಮೇಜರನೇ ಅವರ ಭಾಷೆಯಲ್ಲಿ ಹೇಳಿದ. ಒಬ್ಬ ಏನೋ ಕೇಳಿದ. ಮೇಜರ್ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದ. "ಗಂಡೋ, ಹೆಣ್ಣೋ?"

"ಹೆಣ್ಣು."

ಅವನು ಕನ್ನಡಕ ತೆಗೆದು ಅಂಗಿಗೆ ಒರೆಸಿದ. ಒರೆಸುತ್ತಲೇ ಇದ್ದ. ಆಮೇಲೆ ನನ್ನ ಬೂಟು ತಾನೇ ತಂದು ನನ್ನ ಮುಂದಿಟ್ಟ. ಯಾಕೋ ಆ ಹೊತ್ತಿನಲ್ಲಿ ನನಗೆ ಬಂದೂಕಿಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು.

ಗಾಡಿ ಹಗ್ಗ ದಾಟಿ, ನ್ಯಾಕಿಮ್ ಇದ್ದ ಪಟ್ಟಣದ ಕಡೆಗೇ ಮತ್ತೆ ತಿರುಗಿದ ಮೇಲೆ ನನಗೆ ಬಾಯಿ ಬಂತು. "ಬದುಕ್ಯಾದ ಅಂದಿದ್ರ ಏನ್ ಗಂಟು ಹೋಗ್ತಿತ್ರಿ ಅಕ್ಕ? ಅವರು ಅಲ್ಲೇ ನನ್ನ ಸುಟ್ಟಿದ್ರ?"

"ಅವ ನಾ ಹೇಳಿದ್ರ ನಂಬ್ತೀನಿ ಅಂದಿದ್ದ."

"ನನ್ನ ಜೀವಕ್ಕಿಂತ ಅದು ದೊಡ್ಡದಾತೇನ್ರಿ?"

ಅಕ್ಕ ಹೊರಗೆ ನೋಡುತ್ತ ಕುಳಿತರು. "ನಾಳಿ ಮತ್ತೊಬ್ಬಾಕಿನ್ನ ಇದೇ ಹಾದಿಲೆ ತರಬೇಕು, ತಮ್ಮಾ. ಆಗೂ ಅವ ನನ್ನ ನಂಬಬೇಕು."

ಆಗಲೇ ನನಗೆ ತುತ್ತೂರಿ ನೆನಪಾದದ್ದು. ಹಗ್ಗ ದಾಟಿದ ಕೂಡಲೇ ಅಕ್ಕ ಕಿವಿ ಹಚ್ಚಿದ್ದರಲ್ಲ. ಆಗ ಕೇಳಿಸಿತೇ? ಕೇಳಿಸಿದ್ದರೆ ಮಗು ಸತ್ತದ್ದು ಮುಂದಿನ ದಾರಿಯಲ್ಲಿ. ಕೇಳಿಸದೆ ಇದ್ದರೆ, ಸತ್ತದ್ದು ನನ್ನ ಕಾಲರಾದ ತಾಸಿನಲ್ಲಿ.

ತಾಂಡೂರು ದಾಟಿದ ಮೇಲೆ

ಬೇರೆ ಯಾರೇ ಆಗಿದ್ದರೂ ಅವತ್ತೇ ಕೇಳುತ್ತಿದ್ದೆ. "ಹುಚ್ಚಾ, ನಿಂದೇನು ತಪ್ಪು" ಅನ್ನುತ್ತಿದ್ದರು. ಅಂಥ ಮಾತು ಕೇಳಿ ಮನುಷ್ಯ ಊಟ ಮಾಡಿ ಮಲಗಬಹುದು. ಜಗತ್ತಿನಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದು ಒಬ್ಬರಿಗೆ, ಆ ಒಬ್ಬರು ಸುಜಾತಕ್ಕ.

ಉಳಿದ ಐದು ವಾರ ಕೇಳಲಿಲ್ಲ. ವಿಮಾನದಲ್ಲಿ ಪಕ್ಕಪಕ್ಕ ಕುಳಿತರೂ ಕೇಳಲಿಲ್ಲ. ಹೈದರಾಬಾದಿನಿಂದ ರೈಲು ಹತ್ತಿದೆವು. ತಾಂಡೂರು ದಾಟಿತು, ಸೇಡಂ ದಾಟಿತು. ಬುಟ್ಟಿ ತುಂಬ ಪೇರಲ ಹೊತ್ತ ಹೆಂಗಸೊಬ್ಬಳು ನಮ್ಮ ನಡುವೆ ತೂರಿ ಕುಳಿತು, ಅಕ್ಕನನ್ನು "ಯಾವೂರಿಗಿ ಹೊಂಟೀರೆವ್ವಾ?" ಎಂದು ಕೇಳಿದಳು. ಅಕ್ಕ ಊರಿನ ಹೆಸರನ್ನೂ, ಎಲ್ಲಿಂದ ಬಂದೆವೆಂಬುದನ್ನೂ ಹೇಳಿದರು. ಆಕೆ ನಂಬಲಿಲ್ಲ. "ಛಲೋ ಸುಳ್ಳ ಹೇಳ್ತೀರಿ ಬಿಡ್ರಿ" ಅಂದಳು. ಮೂರು ತಿಂಗಳಲ್ಲಿ ನಾನು ಮೊದಲ ಸಲ ಹೊಟ್ಟೆ ಹಿಡಿದು ನಕ್ಕೆ.

ಚಿತ್ತಾಪುರದಲ್ಲಿ ಅಕ್ಕ ಇಳಿಯುವವರು. ಬಾಗಿಲ ಹತ್ತಿರ ಚೀಲ ಇಟ್ಟು ನಿಂತವರು ನನ್ನ ಕಡೆ ತಿರುಗಿದರು.

"ನೀ ಒಂದು ಮಾತು ಕೇಳಬೇಕಂತ ಭಾಳ ದಿನದಿಂದ ಬಾಯಿ ತೆರೀಲಿಕತ್ತೀ, ಮುಚ್ಚಲಿಕತ್ತೀ."

"ಏನಿಲ್ರಿ ಅಕ್ಕ."

"ಕೇಳಿದ್ರ ಹೇಳ್ತೀನಿ. ಕೇಳದಿದ್ರ ನಾನಾಗಿ ಹೇಳಂಗಿಲ್ಲ." ರೈಲು ನಿಂತಿತು. "ಮಹಾದೇವಿಗಿ ನನ್ನ ಶರಣು ಹೇಳು" ಎಂದು ಇಳಿದು, ಜನರ ನಡುವೆ ಹೋದರು.

ಚಿತ್ತಾಪುರದಿಂದ ವಾಡಿ ಹತ್ತಿರ. ಅವತ್ತು ದೂರವಾಯಿತು.

ಇಷ್ಟನ್ನು ಬರೆದು, ತಪ್ಪಿದ್ದರೆ ತಿದ್ದಿರಿ ಎಂದು ಅಕ್ಕನಿಗೆ ಪುಟಗಳ ಫೋಟೊ ಕಳಿಸಿದೆ. ಅವರು ಈಗ ಮತ್ತೆ ಅದೇ ಶಿಬಿರದಲ್ಲಿದ್ದಾರೆ, ಅದೇ ಹಗ್ಗ ದಾಟುತ್ತಿದ್ದಾರೆ. ತುತ್ತೂರಿಯ ವಿಷಯ ಬರೆದ ಪುಟವನ್ನೂ ಕಳಿಸಿದ್ದೆ. ಬಾಯಿಂದ ಕೇಳಲಾಗದ್ದನ್ನು ಹಾಗಾದರೂ ಕೇಳಿದಂತಾಯಿತೇನೋ ಎಂದುಕೊಂಡು ನಾಲ್ಕು ದಿನ ಫೋನಿನ ಹತ್ತಿರವೂ ಹೋಗಲಿಲ್ಲ. ಐದನೆಯ ದಿನ ನೋಡಿದೆ.

"ಎಲ್ಲಾ ಬರೋಬ್ಬರಿ ಅದ. ಹಗ್ಗದ ಹಂತ್ಯಾಕ ನಿಂತಿದ್ದು ಒಂದು ತಾಸಲ್ಲ ತಮ್ಮಾ, ನಲವತ್ತು ನಿಮಿಷ. ನಾ ಗಡಿಯಾರ ನೋಡಿದ್ದೆ."

ಅದರ ಕೆಳಗೆ ಏನೂ ಇರಲಿಲ್ಲ. ಫೋನನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದೆ. ಇಪ್ಪತ್ತು ನಿಮಿಷ ಇಳಿಸಿ ಕೊಟ್ಟಿದ್ದಾರೆ, ಅಷ್ಟೇ. ಮೇಲೆ ಒಂದು ತಾಸು ಎಂದು ಬರೆದದ್ದನ್ನು ನಾನು ತಿದ್ದಿಲ್ಲ. ನನಗೆ ಅದು ಹಾಗೇ ಇದೆ. ಓದುವವರು ನಲವತ್ತು ನಿಮಿಷ ಎಂದೇ ಓದಿಕೊಳ್ಳಲಿ. ಅಕ್ಕ ಹೇಳಿದ್ದಾರೆ ಎಂದ ಮೇಲೆ ಅದು ಖರೆಯೇ ಇರುತ್ತದೆ.